ಬೈತಖೋಲ್ ಬಂದರಿನ ಚಹಾ ಅಂಗಡಿ: ಬನ್ಸ್‌ಗೂ ಹೋಗಿ, ಬಾಸ್ಕೆಟ್‌ಬಾಲ್ ಮಾತಿಗೂ ಹೋಗಿ

ಮೊದಲು ಬನ್ಸ್ ವಿಷಯ. ಬೆಳಿಗ್ಗೆ ಆರೂಮುಕ್ಕಾಲಿಗೆ ಮೊದಲ ಬಾಣಲೆಯದ್ದು ಮೇಲೆ ಬರುತ್ತದೆ. ಆಗಲೇ ತಿನ್ನಬೇಕು. ಹೊರಗೆ ತೆಳ್ಳಗೆ ಗರಿಗರಿ, ಒಳಗೆ ಬಾಳೆಹಣ್ಣಿನ ಘಮ. ಹಿಟ್ಟನ್ನು ಹಿಂದಿನ ರಾತ್ರಿಯೇ ಕಲಸಿಡುತ್ತಾರೆ, ಸೋಡಾ ಜಾಸ್ತಿ ಹಾಕುವುದಿಲ್ಲ. ಎರಡು ಬನ್ಸ್, ಬಟಾಟೆ-ಬಟಾಣಿಯ ತೆಳು ಭಾಜಿ ಸೇರಿ 40 ರೂಪಾಯಿ. ಚಹಾ 12. ನಾನು ಶಿರಸಿ ಕಡೆಯವಳು, ಕಷಾಯ ಕುಡಿದು ಬೆಳೆದವಳು. ಈ ಚಹಾ ನನಗೆ ಸ್ವಲ್ಪ ಕಡಕ್ ಆಯಿತು. ಆದರೆ ಬೆಳಗಿನ ಆರೂವರೆಗೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡುವ ಡೆನ್ವರ್ ನಗೆಟ್ಸ್ ತಂಡದ ಪಂದ್ಯ ನೋಡಲು ಕೂತವರಿಗೆ ಇಂಥದ್ದೇ ಬೇಕು.

ಅಂಗಡಿ ಇರುವುದು ಕಾರವಾರದಲ್ಲಿ, ಬೈತಖೋಲ್ ಮೀನುಗಾರಿಕೆ ಬಂದರಿಗೆ ಇಳಿಯುವ ದಾರಿಯಲ್ಲಿ. ಬೋರ್ಡ್ ಇಲ್ಲ. ತಗಡಿನ ಮಾಡು, ನಾಲ್ಕು ಬೆಂಚು, ಗೋಡೆಯಲ್ಲಿ 32 ಇಂಚಿನ ಟಿವಿ. ನಡೆಸುವವರು ಗಂಡ ಹೆಂಡತಿ. ನಾವೆಲ್ಲ ಅವರನ್ನು ಅಕ್ಕ, ಭಾವ ಅಂತಲೇ ಕರೆಯುತ್ತೇವೆ. ಭಾವ ಒಲೆಯ ಹತ್ತಿರ, ಅಕ್ಕ ಗಲ್ಲೆಯಲ್ಲಿ. ಟಿವಿಯ ರಿಮೋಟ್ ಅಕ್ಕನ ಕೈಯಲ್ಲೇ ಇರುತ್ತದೆ.

ಮೂರು ವರ್ಷದ ಹಿಂದೆ ನನಗೆ ಕಾರವಾರಕ್ಕೆ ವರ್ಗ ಆಯಿತು. ಕಾಲೇಜಿನಲ್ಲಿ ನಾನು ಪಾಯಿಂಟ್ ಗಾರ್ಡ್ ಆಗಿ ಆಡಿದ್ದೆ. ಇಲ್ಲಿ ಬಂದ ಮೇಲೆ ಆಟದ ಬಗ್ಗೆ ಮಾತಾಡಲು ಒಬ್ಬರೂ ಸಿಕ್ಕಿರಲಿಲ್ಲ. ಒಂದು ದಿನ ಚಹಾಕ್ಕೆ ನಿಂತಾಗ ಒಳಗಿನಿಂದ ಒಬ್ಬರು ಜೋರಾಗಿ, "ಅವನು ಪಾಸ್ ಕೊಟ್ಟದ್ದು ನೋಡಿ, ಹಿಂದೆ ಕಣ್ಣಿದೆಯಾ ಅವನಿಗೆ?" ಅಂದರು. ಒಳಗೆ ಹೋಗಿ ನೋಡಿದರೆ ಟಿವಿಯಲ್ಲಿ ನಗೆಟ್ಸ್‌ನ ನಿಕೋಲಾ ಯೋಕಿಚ್. ಅವತ್ತಿನಿಂದ ವಾರಕ್ಕೆ ಎರಡು ದಿನವಾದರೂ ಹೋಗುತ್ತೇನೆ.

ಅಲ್ಲಿ ಸೇರುವವರು ಐದಾರು ಜನ. ಮುಖ್ಯ ಮೂವರು. ನಿವೃತ್ತ ಪಿ.ಟಿ. ಮಾಸ್ತರು ಒಬ್ಬರು. 2019ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಪೇಸರ್ಸ್ ಮತ್ತು ಕಿಂಗ್ಸ್ ಆಡಿದ್ದು ನೆನಪಿದೆ ಅಲ್ವಾ? ಭಾರತದಲ್ಲಿ ನಡೆದ ಮೊದಲ ಎನ್‌ಬಿಎ ಪಂದ್ಯಗಳು. ಅವರು ಮತ್ಸ್ಯಗಂಧ ರೈಲು ಹತ್ತಿ ಹೋಗಿ ಎರಡನೇ ದಿನದ ಪಂದ್ಯ ನೋಡಿ ಬಂದಿದ್ದಾರೆ. ಎರಡನೆಯವರು ಕೈಗಾದಲ್ಲಿ ಕೆಲಸ ಮಾಡುವ ಅಣ್ಣ. ಎನ್‌ಬಿಎ ಪಂದ್ಯಗಳನ್ನು ನೆಟ್‌ನಲ್ಲಿ ತೋರಿಸುವ ಲೀಗ್ ಪಾಸ್‌ನ ಚಂದಾ ಅವರದ್ದು. ಅವರ ಫೋನ್‌ನಿಂದಲೇ ಟಿವಿಗೆ ಪಂದ್ಯ ಬರುತ್ತದೆ. ಮೂರನೆಯವನು ಟ್ರಾಲ್ ಬೋಟಿನಲ್ಲಿ ದುಡಿಯುವ ಇಪ್ಪತ್ತನಾಲ್ಕರ ಹುಡುಗ. ಎಲ್ಲರಿಗಿಂತ ಹೆಚ್ಚು ತಿಳಿದವನು ಅವನೇ.

ಈ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ಸ್ಕೋರ್ ಮೊದಲೇ ಗೊತ್ತಿದ್ದವರು ಬಾಯಿ ಬಿಡಬಾರದು. ಎಷ್ಟೋ ಪಂದ್ಯ ನಮಗೆ ನಡುರಾತ್ರಿ ಬೀಳುತ್ತದೆ. ಬೆಳಿಗ್ಗೆ ಪೂರ್ತಿ ಪಂದ್ಯವನ್ನು ಮತ್ತೆ ಹಾಕಿ ನೋಡುತ್ತೇವೆ. 2025ರ ಏಪ್ರಿಲ್‌ನಲ್ಲಿ, ಲೀಗ್ ಹಂತ ಮುಗಿದ ಮೇಲೆ ನಡೆಯುವ ಪ್ಲೇಆಫ್‌ನಲ್ಲಿ, ಕ್ಲಿಪ್ಪರ್ಸ್ ವಿರುದ್ಧದ ಏಳು ಪಂದ್ಯಗಳ ಸರಣಿಯ ನಾಲ್ಕನೇ ಪಂದ್ಯ ಹಾಗೆ ನೋಡಿದ್ದು. ಕೊನೆಯ ಕ್ವಾರ್ಟರ್‌ನಲ್ಲಿ ನಗೆಟ್ಸ್ ಇಪ್ಪತ್ತು ಅಂಕದ ಮುನ್ನಡೆಯನ್ನು ಪೂರ್ತಿ ಕಳೆದುಕೊಂಡಿತು. ಕೊನೆಗೆ ಯೋಕಿಚ್ ಎಸೆದ ಚೆಂಡು ರಿಂಗಿಗೂ ತಾಗಲಿಲ್ಲ. ಗಾಳಿಯಲ್ಲೇ ಅದನ್ನು ಹಿಡಿದ ನಗೆಟ್ಸ್‌ನ ಆರನ್ ಗೋರ್ಡನ್ ಒಳಗೆ ಜಡಿದ. ಸಮಯ ಮುಗಿಯಿತು. 101–99. ಹುಡುಗನಿಗೆ ಫಲಿತಾಂಶ ರಾತ್ರಿಯೇ ಗೊತ್ತಿತ್ತಂತೆ. ಎರಡೂವರೆ ಗಂಟೆ ಒಂದು ಮಾತಾಡದೆ ಕೂತಿದ್ದ. ಅದಕ್ಕೇ ಅವನ ಮೇಲೆ ನನಗೆ ಅಷ್ಟು ವಿಶ್ವಾಸ.

ಸೇವೆಯ ಬಗ್ಗೆ ಹೇಳಬೇಕಾದ ಒಂದು ತೊಂದರೆ ನೆಟ್‌ನದ್ದು. ಮೇ 6ರ ಬೆಳಿಗ್ಗೆ, ಮುಂದಿನ ಸುತ್ತಿನಲ್ಲಿ ಓಕ್ಲಹೋಮಾ ಸಿಟಿ ವಿರುದ್ಧದ ಮೊದಲ ಪಂದ್ಯ. ಕೊನೆಯ ನಿಮಿಷದಲ್ಲಿ ಸಂಪರ್ಕ ಹೋಯಿತು. ಹುಡುಗ ಓಡಿಬಂದು ತನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟ. ಚಿತ್ರ ಬರುವುದಕ್ಕೂ ಗೋರ್ಡನ್ ಮೂರು ಅಂಕದ ಶಾಟ್ ಹಾಕುವುದಕ್ಕೂ ಸರಿಹೋಯಿತು. 121–119. ಮಾಸ್ತರು ಎದ್ದು ನಿಂತು ಭಾವನ ಕೈ ಕುಲುಕಿದರು. ಬಂದರಿನಲ್ಲಿ ಮೀನು ಇಳಿಸುತ್ತಿದ್ದವರೂ ಏನಾಯಿತು ಅಂತ ಇಣುಕಿದರು.

ಆ ಸರಣಿ ಏಳನೇ ಪಂದ್ಯದವರೆಗೆ ಹೋಯಿತು. ಏಳನೆಯದು ನಮಗೆ ಭಾನುವಾರ ರಾತ್ರಿ ಒಂದು ಗಂಟೆಗೆ. ಎಲ್ಲರೂ ಅವರವರ ಮನೆಯಲ್ಲೇ ನೋಡಿದೆವು. 125–93ರಿಂದ ಸೋಲು. ಗೋರ್ಡನ್ ತೊಡೆಯ ಹಿಂದಿನ ಸ್ನಾಯುವಿನ ನೋವಿನಲ್ಲೇ ಆಡಿದ್ದ. ಬೆಳಿಗ್ಗೆ ಅಂಗಡಿಗೆ ಹೋದರೆ ಯಾರಿಗೂ ಮಾತಾಡುವ ಮನಸ್ಸಿರಲಿಲ್ಲ. ಅಕ್ಕ ಟಿವಿ ಹಾಕಲಿಲ್ಲ. ನಾಲ್ಕು ಚಹಾ ತಂದಿಟ್ಟು, "ಮಳೆಗಾಲ ಇದೆಯಲ್ಲ, ಆಗ ಮಾತಾಡಿ" ಅಂದರು.

ಅವರು ಹೇಳಿದ್ದು ಸರಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟುಗಳು ದಡದಲ್ಲಿ ಕಟ್ಟಿರುತ್ತವೆ. ಎಂಜಿನ್ ಬಿಚ್ಚುತ್ತಾರೆ, ಬಣ್ಣ ಬಳಿಯುತ್ತಾರೆ, ಬಲೆ ಸರಿಮಾಡುತ್ತಾರೆ. ಹೊರ ರಾಜ್ಯದಿಂದ ಬಂದ ಕೆಲಸಗಾರರು ಊರಿಗೆ ಹೋಗುತ್ತಾರೆ. ಎನ್‌ಬಿಎಯಲ್ಲೂ ಇದೇ ಎರಡು ತಿಂಗಳು ತಂಡ ಸರಿಮಾಡುವ ಕಾಲ. ಜೂನ್ ಕೊನೆಯಲ್ಲಿ ಹೊಸ ಹುಡುಗರ ಆಯ್ಕೆ. ಅದರ ಬೆನ್ನಿಗೇ ಆಟಗಾರರ ಕೊಡು-ಕೊಳ್ಳು. ಅಂಗಡಿಯ ಬೆಂಚು ಖಾಲಿ ಇರುವುದರಿಂದ ಅಕ್ಕ ಎಷ್ಟು ಹೊತ್ತು ಕೂತರೂ ಏಳಿಸುವುದಿಲ್ಲ. ಹುಡುಗ ಬಲೆಯ ಒಂದು ತುದಿಯನ್ನು ಬೆಂಚಿನ ಕಾಲಿಗೆ ಕಟ್ಟಿಕೊಂಡು, ಹೆಣೆಯುತ್ತಲೇ ವಾದ ಮಾಡುತ್ತಾನೆ. ಈ ಅಂಗಡಿಗೆ ಹೋಗಲು ವರ್ಷದಲ್ಲಿ ಒಳ್ಳೆಯ ಕಾಲ ಯಾವುದು ಅಂದರೆ ನಾನು ಹೇಳುವುದು ಇದನ್ನೇ.

ಆ ಮಳೆಗಾಲದಲ್ಲಿ ದೊಡ್ಡ ಜಗಳ ಕೋಚ್ ಬಗ್ಗೆ. ಹತ್ತು ವರ್ಷ ತಂಡ ನಡೆಸಿ, 2023ರಲ್ಲಿ ನಗೆಟ್ಸ್‌ಗೆ ಮೊದಲ ಕಪ್ ತಂದುಕೊಟ್ಟ ಮೈಕಲ್ ಮಲೋನ್ ಅವರನ್ನು 2025ರ ಏಪ್ರಿಲ್ 8ರಂದು ತೆಗೆದುಹಾಕಿದರು. ಲೀಗ್ ಹಂತದಲ್ಲಿ ಉಳಿದಿದ್ದದ್ದು ಮೂರೇ ಪಂದ್ಯ. ತಂಡಕ್ಕೆ ಆಟಗಾರರನ್ನು ತರುವ ಹೊಣೆಯ ಜನರಲ್ ಮ್ಯಾನೇಜರ್ ಕ್ಯಾಲ್ವಿನ್ ಬೂತ್ ಅವರನ್ನೂ ಅದೇ ದಿನ ಕಳಿಸಿದರು. ಇಬ್ಬರ ನಡುವೆ ಸರಿ ಇರಲಿಲ್ಲ ಎಂದು ವರದಿಗಳಿದ್ದವು.

ಹುಡುಗನಿಗೆ ಅದು ಇವತ್ತಿಗೂ ಹಿಡಿಸಿಲ್ಲ. "ದಡ ಕಾಣ್ತಾ ಇರುವಾಗ ತಾಂಡೇಲನನ್ನು ನೀರಿಗೆ ಇಳಿಸ್ತಾರಾ ಯಾರಾದ್ರೂ?" ಅನ್ನುತ್ತಾನೆ. ತಾಂಡೇಲ ಅಂದರೆ ಬೋಟು ನಡೆಸುವವನು. ಮಾಸ್ತರು ಒಪ್ಪುವುದಿಲ್ಲ. "ತಾಂಡೇಲನಿಗೂ ಬೋಟಿನ ಯಜಮಾನನಿಗೂ ಮಾತೇ ಇಲ್ಲ ಅಂದ್ರೆ ಬೋಟ್ ಎಲ್ಲಿಗೆ ಹೋಗ್ತದೆ, ತಮ್ಮಾ?" ಅನ್ನುತ್ತಾರೆ. ಇಬ್ಬರೂ ನನ್ನ ಮುಖ ನೋಡಿದರು. ನನಗನಿಸುವುದು ಹೀಗೆ. ಮಲೋನ್ ಅವರನ್ನು ಕಳಿಸಿದ ರೀತಿ ತಪ್ಪು. ಹತ್ತು ವರ್ಷ ದುಡಿದವರಿಗೆ ಇನ್ನು ಮೂರು ಪಂದ್ಯದ ಮರ್ಯಾದೆ ಕೊಡಬೇಕಿತ್ತು. ಆದರೆ ಅವರ ಜಾಗಕ್ಕೆ ಬಂದ ಸಹಾಯಕ ಕೋಚ್ ಡೇವಿಡ್ ಆಡಲ್ಮನ್ ಅವರನ್ನೇ ಉಳಿಸಿಕೊಂಡದ್ದು ಸರಿ. ಉಳಿದ ಮೂರೂ ಪಂದ್ಯ ಗೆಲ್ಲಿಸಿದರು, ಕ್ಲಿಪ್ಪರ್ಸ್ ದಾಟಿಸಿದರು. ಆಮೇಲೆ ಚಾಂಪಿಯನ್ ಆದ ಓಕ್ಲಹೋಮಾವನ್ನು ಏಳನೇ ಪಂದ್ಯದವರೆಗೆ ಎಳೆದರು. ಆ ಸರಣಿಯಲ್ಲಿ ಅವರು ಆಡಿಸಿದ ಜೋನ್ ಡಿಫೆನ್ಸ್ ನನಗೆ ಬಹಳ ಇಷ್ಟವಾಯಿತು. ಒಬ್ಬೊಬ್ಬನ ಹಿಂದೆ ಓಡುವ ಬದಲು ಜಾಗ ಕಾಯುವ ಆಟ ಅದು. ದಣಿದ ಕಾಲಿನ ತಂಡ ಅಷ್ಟು ದೂರ ಹೋಗಲು ಅದೂ ಒಂದು ಕಾರಣ. ಅವರ ತಂದೆ ರಿಕ್ ಆಡಲ್ಮನ್ ಕೂಡ ದೊಡ್ಡ ಕೋಚ್. 2021ರಲ್ಲಿ ಬಾಸ್ಕೆಟ್‌ಬಾಲ್‌ನ ದೊಡ್ಡವರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿದವರು. ಮನೆಯಲ್ಲೇ ಪಾಠ ಆಗಿದೆ ಅಂತ ಮಾಸ್ತರು ಹೇಳಿದ್ದು ನಿಜ ಇರಬೇಕು.

ಜುಲೈಯಲ್ಲಿ ಮಾತು ತಂಡದ ಬೆಂಚಿನ, ಅಂದರೆ ಬದಲಿ ಆಟಗಾರರ ಕಡೆ ತಿರುಗಿತು. ಯೋಕಿಚ್ 2024-25ರ ಸೀಸನ್‌ನಲ್ಲಿ ಸರಾಸರಿ 29.6 ಅಂಕ, 12.7 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), 10.2 ಅಸಿಸ್ಟ್ (ಅಂಕ ತರುವ ಪಾಸ್) ಮಾಡಿದವನು. ಸೆಂಟರ್ ಒಬ್ಬ ಇಡೀ ಸೀಸನ್ ಸರಾಸರಿ ಟ್ರಿಪಲ್ ಡಬಲ್, ಅಂದರೆ ಮೂರರಲ್ಲೂ ಎರಡಂಕಿ, ಮಾಡಿದ್ದು ಅದೇ ಮೊದಲು. ಆದರೆ ಅವನು ಕೂತ ಕೂಡಲೇ ತಂಡ ಕುಸಿಯುತ್ತದೆ. ಅಕ್ಕನಿಗೆ ಆಟದ ನಿಯಮ ಪೂರ್ತಿ ಗೊತ್ತಿಲ್ಲ. ಅವನು ರಜೆಗೆ ಸರ್ಬಿಯಾಕ್ಕೆ ಹೋಗಿ ಕುದುರೆ ನೋಡಿಕೊಳ್ಳುತ್ತಾನೆ ಅಂತ ನಾವು ಹೇಳಿದ್ದರಿಂದ ಅವರ ಬಾಯಲ್ಲಿ ಅವನು 'ಕುದುರೆಯವ'. ಕುದುರೆಯವ ಬೆಂಚಿಗೆ ಹೋದರೆ ಅಕ್ಕ ನಮ್ಮ ಕಡೆ ನೋಡದೆ ಲೋಟ ತೊಳೆಯಲು ಹೋಗುತ್ತಾರೆ. ಅವನು ಮತ್ತೆ ಇಳಿದ ಮೇಲೆಯೇ ಬರುವುದು.

ಅದಕ್ಕೇ ಆ ಸಲದ ಬದಲಾವಣೆಗಳು ನನಗೆ ಅಷ್ಟು ಮುಖ್ಯ. ಮೈಕಲ್ ಪೋರ್ಟರ್ ಜೂನಿಯರ್ ಮತ್ತು 2032ರ ಮೊದಲ ಸುತ್ತಿನ ಪಿಕ್ (ಹೊಸ ಹುಡುಗನನ್ನು ಆರಿಸುವ ಹಕ್ಕು) ಅನ್ನು ಬ್ರೂಕ್ಲಿನ್‌ಗೆ ಕೊಟ್ಟು ಕ್ಯಾಮ್ ಜಾನ್ಸನ್‌ನನ್ನು ತಂದರು. ಕೈಗಾದ ಅಣ್ಣನಿಗೆ ಸಿಟ್ಟು ಬಂತು. ಪೋರ್ಟರ್ ಬೆನ್ನಿಗೆ ಮೂರು ಸಲ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಎದ್ದು ಬಂದು ಕಪ್ ಗೆಲ್ಲಿಸಿದವನು, ಅವನ ಜತೆ ಪಿಕ್ ಬೇರೆ ಯಾಕೆ ಕೊಡಬೇಕು ಅಂತ. ಲೆಕ್ಕ ಬಿಡಿಸಿ ಹೇಳಿದ್ದು ಹುಡುಗ. ಬೋಟಿನಲ್ಲಿ ಡೀಸೆಲ್, ಐಸ್ ಖರ್ಚು ಕಳೆದು ಉಳಿದದ್ದನ್ನು ಪಾಲು ಹಾಕುತ್ತಾರೆ. ಒಬ್ಬನೇ ಮೂರು ಪಾಲು ತಗೊಂಡರೆ ಉಳಿದವರಿಗೆ ಏನು ಸಿಗುತ್ತದೆ? ಎನ್‌ಬಿಎಯಲ್ಲೂ ತಂಡದ ಸಂಬಳಕ್ಕೆ ಮಿತಿ ಇದೆ. 2025-26ಕ್ಕೆ ಅದು 15.46 ಕೋಟಿ ಡಾಲರ್. ಮೀರಬಹುದು, ಆದರೆ ಅದಕ್ಕೂ ಮೇಲಿನ ಇನ್ನೊಂದು ಗೆರೆ ದಾಟಿದರೆ ತೆರಿಗೆ, ಇನ್ನೂ ಮೀರಿದರೆ ಆಟಗಾರರನ್ನು ತರುವುದಕ್ಕೇ ನಿರ್ಬಂಧ. ಪೋರ್ಟರ್ ಹೋಗಿ ಜಾನ್ಸನ್ ಬಂದದ್ದರಿಂದ ಸುಮಾರು 1.7 ಕೋಟಿ ಡಾಲರ್ ಉಳಿಯಿತು. ಅದರಿಂದಲೇ ಬೆಂಚಿಗೆ ಜನ ಬಂದರು. ಯೋಕಿಚ್ ಕೂತಾಗ ಆಡಲು ಲಿಥುವೇನಿಯಾದ ಯೋನಾಸ್ ವಲಂಚ್ಯೂನಸ್, ಹೊರಗಿನಿಂದ ಶಾಟ್ ಹಾಕಲು ಟಿಮ್ ಹಾರ್ಡವೇ ಜೂನಿಯರ್. ಮತ್ತೆ ನಮ್ಮ ಬ್ರೂಸ್ ಬ್ರೌನ್! 2023ರ ತಂಡದಲ್ಲಿದ್ದವನು. ಆ ಸುದ್ದಿ ಬಂದ ದಿನ ಮಾಸ್ತರು ಎಲ್ಲರಿಗೂ ಶಿರಾ ಕೊಡಿಸಿದರು.

ಶಿರಾ ಬಗ್ಗೆ ಹೇಳಲು ಮರೆತೆ. ತುಪ್ಪ ಕಡಿಮೆ, ಸಕ್ಕರೆ ಜಾಸ್ತಿ. ಅದನ್ನು ಬಿಟ್ಟರೂ ನಡೆಯುತ್ತದೆ.

ಕಾಮೆಂಟರಿ ಬಗ್ಗೆಯೂ ಹೇಳಬೇಕು. ಲೀಗ್ ಪಾಸ್‌ನಲ್ಲಿ ಯಾವ ತಂಡದ ಕಾಮೆಂಟರಿ ಬೇಕೋ ಆರಿಸಿಕೊಳ್ಳಬಹುದು. ನಾವು ಕೇಳುತ್ತಿದ್ದದ್ದು ಡೆನ್ವರ್‌ನದ್ದೇ, ಕ್ರಿಸ್ ಮಾರ್ಲೋ ಮತ್ತು ಸ್ಕಾಟ್ ಹೇಸ್ಟಿಂಗ್ಸ್. ಮಾರ್ಲೋ 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ ವಾಲಿಬಾಲ್ ತಂಡದ ನಾಯಕರಾಗಿದ್ದವರು. ವಾಲಿಬಾಲ್ ಕಲಿಸಿದ ನಮ್ಮ ಮಾಸ್ತರಿಗೆ ಅವರೆಂದರೆ ಪ್ರಾಣ. ಬೇಜಾರಿನ ವಿಷಯ ಏನೆಂದರೆ, ಕೇಬಲ್ ಕಂಪನಿ ಮತ್ತು ಚಾನೆಲ್ ನಡುವಿನ ಜಗಳದಿಂದ 2019ರಿಂದ ಐದು ವರ್ಷಕ್ಕೂ ಹೆಚ್ಚು ಕಾಲ ಡೆನ್ವರ್‌ನ ಎಷ್ಟೋ ಮನೆಗಳಿಗೆ ಇವರ ದನಿ ಮುಟ್ಟಲಿಲ್ಲ. ನಮಗೆ ಬೈತಖೋಲ್‌ನಲ್ಲಿ ಕೇಳುತ್ತಿತ್ತು. ಸಮುದ್ರಮಟ್ಟದಿಂದ ಒಂದು ಮೈಲು ಎತ್ತರದ ಊರಿನ ತಂಡವನ್ನು ಸಮುದ್ರದ ಅಂಚಲ್ಲಿ ಕೂತು ನೋಡುತ್ತಿದ್ದೆವು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಕಾಮೆಂಟರಿ ಮಾಸ್ತರದ್ದು. ಜೂನ್‌ನಲ್ಲಿ ಓಕ್ಲಹೋಮಾ ಮತ್ತು ಇಂಡಿಯಾನಾ ಫೈನಲ್ಸ್ ಆಡುತ್ತಿದ್ದಾಗ ತಗಡಿನ ಮೇಲೆ ಮಳೆ ಸುರಿದು ಟಿವಿಯ ದನಿ ಕೇಳದಾಯಿತು. ಮಾಸ್ತರು ಎದ್ದು ಟಿವಿ ಪಕ್ಕ ನಿಂತು ಕನ್ನಡದಲ್ಲಿ ಶುರುಮಾಡಿದರು. "ದಾರಿಗೆ ಅಡ್ಡ ನಿಂತ, ಇವನು ಸುತ್ತುಬಳಸಿ ಬಂದ, ಮೂಲೆಯಲ್ಲಿ ಖಾಲಿ ಇದ್ದಾನೆ, ಕೊಡು, ಕೊಡು!" ಕಬಡ್ಡಿಗೆ, ಐಪಿಎಲ್‌ಗೆ ಕನ್ನಡ ಕಾಮೆಂಟರಿ ಇದೆ. ಈ ಆಟಕ್ಕೂ ಒಂದು ದಿನ ಬರಲಿ. ಅಷ್ಟು ಚೆನ್ನಾಗಿ ಕೂರುತ್ತದೆ ನಮ್ಮ ಭಾಷೆ ಇದಕ್ಕೆ.

ಕೊರತೆಗಳೂ ಇವೆ. ಹೆಂಗಸರಿಗೆ ಶೌಚಾಲಯ ಇಲ್ಲ, ಇದು ನಿಜವಾಗಿಯೂ ತೊಂದರೆ. ಅಕ್ಕನಿಗೆ ಎರಡು ಸಲ ಹೇಳಿದ್ದೇನೆ. ಮಳೆಯಲ್ಲಿ ಹೊರಗಿನ ಬೆಂಚು ಒದ್ದೆ. ಫೋನ್‌ನಲ್ಲಿ ಹಣ ಕಳಿಸುವುದು ಕೆಲವೊಮ್ಮೆ ಆಗುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಹನ್ನೊಂದು ಗಂಟೆಗೆ ಮುಚ್ಚುತ್ತಾರೆ. ಒಬ್ಬಳೇ ಹೆಂಗಸು ಹೋಗಿ ಕೂರಬಹುದಾ ಅಂತ ಕೆಲವರು ಕೇಳಿದರು. ನಾನು ಮೂರು ವರ್ಷದಿಂದ ಕೂತಿದ್ದೇನೆ. ಮೊದಲ ದಿನವೇ ಮಾಸ್ತರು "ಬಾ ತಂಗಿ, ಯಾವ ಪೊಸಿಷನ್ ಆಡ್ತಿದ್ದೆ?" ಅಂತ ಕೇಳಿದ್ದರು. ಅದಕ್ಕಿಂತ ಹೆಚ್ಚಿನ ವಿಚಾರಣೆ ಯಾರೂ ಮಾಡಿಲ್ಲ.

ಇದನ್ನು ಬರೆದಾಗ 2025ರ ಆಗಸ್ಟ್. ತೆಂಗಿನಕಾಯಿ ಸಮುದ್ರಕ್ಕೆ ಕೊಟ್ಟಾಗಿತ್ತು, ಬೋಟುಗಳು ಹೊರಟಿದ್ದವು, ಹುಡುಗನೂ ಹೊರಟಿದ್ದ. ಬೆಂಚು ತುಂಬಿರುತ್ತಿತ್ತು. ಹೊಸ ಸೀಸನ್‌ನಲ್ಲಿ ನಗೆಟ್ಸ್‌ನ ಮೊದಲ ಪಂದ್ಯ ಇದ್ದದ್ದು ಗೋಲ್ಡನ್ ಸ್ಟೇಟ್ ಮೇಲೆ, ನಮಗೆ ಅಕ್ಟೋಬರ್ 24ರ ಬೆಳಿಗ್ಗೆ ಏಳೂವರೆಗೆ, ದೀಪಾವಳಿ ಮುಗಿದ ಬೆನ್ನಿಗೇ. ಅವತ್ತು ಅಂಗಡಿ ತೆರೆದಿರುತ್ತದಾ ಅಂತ ಅಕ್ಕನನ್ನು ಕೇಳಿದೆ. ಗಲ್ಲೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಆಗಲೇ ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಪಂದ್ಯ ನೋಡಲು ಬರುವವರು ಬೇಗ ಬನ್ನಿ. ಟಿವಿ ಎದುರಿನ ಬೆಂಚಿನ ಎಡ ತುದಿ ಮಾಸ್ತರದ್ದು, ಅದೊಂದು ಬಿಟ್ಟು ಎಲ್ಲಿ ಬೇಕಾದರೂ ಕೂರಿ.