ಇಂಗ್ಲಿಷ್ ತರಗತಿಯಲ್ಲಿ ಕೂಡಿ ಕಟ್ಟುವ ಕಥೆ: ಬಾಯಿಮಾತೋ, ಬರಹವೋ?

ಮನೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಬೀದರ್ ಜಿಲ್ಲೆಯಲ್ಲಿ, ಕಥೆ ಕಟ್ಟಿಸಿ ಇಂಗ್ಲಿಷ್ ಕಲಿಸಬಯಸುವ ಶಿಕ್ಷಕರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು, ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಶಿಕ್ಷಕ ಬ್ಲೇನ್ ರೇ 1990ರ ಸುಮಾರಿಗೆ ರೂಪಿಸಿದ ಟಿ.ಪಿ.ಆರ್.ಎಸ್. (ಓದು ಮತ್ತು ಕಥೆಯ ಮೂಲಕ ಭಾಷೆ ಕಲಿಸುವ) ವಿಧಾನ. ಇದರಲ್ಲಿ ಶಿಕ್ಷಕರು ಮೂರು ಹೊಸ ಪದಗುಚ್ಛಗಳನ್ನು ಅರ್ಥಸಹಿತ ಹಲಗೆಯ ಮೇಲೆ ಬರೆದು, "ಕೋಟೆಗೆ ಯಾರು ಹೋದರು, ಹುಡುಗನೋ ಮೇಕೆಯೋ?" ಎಂಬಂಥ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೇ ಮತ್ತೆ ಮತ್ತೆ ಕೇಳುತ್ತ ಹೋಗುತ್ತಾರೆ, ಕಥೆಯ ತಿರುವು ಮಕ್ಕಳದು, ವಾಕ್ಯರಚನೆ ಶಿಕ್ಷಕರದು. ಒಂದೇ ಪದದಲ್ಲಿ ಉತ್ತರಿಸಿದರೂ ಸಾಕಾದ್ದರಿಂದ ಹಿಂದಿನ ಸಾಲಿನ ಮೌನಿಗಳೂ ಕಥೆಯೊಳಗೆ ಬರುತ್ತಾರೆ (ಗೆಲ್ಲುವುದು ಮಾತ್ರ ಬಹುಪಾಲು ಮೇಕೆಯೇ). ಆದರೆ ಇದು ಶಿಕ್ಷಕರ ಗಂಟಲನ್ನು ಬಳಲಿಸುತ್ತದೆ; ಅವರ ಇಂಗ್ಲಿಷ್ ಸರಾಗವಾಗಿಯೂ ಇರಬೇಕು.

ಎರಡನೆಯದಾದ ಸರಪಳಿ ಬರಹದಲ್ಲಿ, ನಾಲ್ಕೈದು ಮಕ್ಕಳ ಗುಂಪಿನೊಳಗೆ ಒಂದು ಹಾಳೆ ಕೈಯಿಂದ ಕೈಗೆ ಸಾಗುತ್ತ ಒಂದೊಂದು ವಾಕ್ಯ ಸೇರುತ್ತದೆ. ಸ್ಪೆಲಿಂಗ್ ಮತ್ತು ಭೂತಕಾಲದ ಕ್ರಿಯಾಪದಗಳು ಪಳಗುತ್ತವೆ, ಆದರೆ ತಪ್ಪುಗಳನ್ನೂ ಮಕ್ಕಳು ಪರಸ್ಪರ ಕಲಿಯುತ್ತಾರೆ.

ಆರನೇ ತರಗತಿಯವರೆಗೆ ಮೊದಲನೆಯದೇ ಮೇಲೆಂಬುದು ನನ್ನ ಅಭಿಪ್ರಾಯ. ಒಂಬತ್ತನೆಯವರಿಗಾದರೆ, ಬಾಯಲ್ಲಿ ಕಟ್ಟಿದ ಕಥೆಯನ್ನೇ ಮರುದಿನ ಹಾಳೆಗಿಳಿಸಲು ಹೇಳಬಹುದು.