ಗಾರ್ಡಿನರ್, ಅಲೆನ್, ಕೊಲಿಯರ್-ಮ್ಯಾನ್ಲಿ: ಈಜಿಪ್ಟಿನ ಚಿತ್ರಲಿಪಿಗೆ ನಾನು ಕೊಂಡ ಮೂರು ಪುಸ್ತಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂರರಲ್ಲಿ ಅತಿ ತೆಳ್ಳಗಿರುವ ಪುಸ್ತಕಕ್ಕೆ. ಮಾರ್ಕ್ ಕೊಲಿಯರ್ ಮತ್ತು ಬಿಲ್ ಮ್ಯಾನ್ಲಿ ಸೇರಿ ಬರೆದದ್ದು, 1998ರಲ್ಲಿ ಬಂತು. ಆದರೆ ನಾನು ಅದನ್ನು ಕೊಂಡದ್ದು ಎಲ್ಲಕ್ಕಿಂತ ಕೊನೆಗೆ.

ಇಂಗ್ಲೆಂಡಿನಲ್ಲಿ ಎಂ.ಎ. ಓದುವಾಗ ಮಧ್ಯ ಈಜಿಪ್ಷಿಯನ್ ಭಾಷೆಯನ್ನು ಐಚ್ಛಿಕವಾಗಿ ತೆಗೆದುಕೊಂಡೆ. ಸುಮಾರು 4000 ವರ್ಷ ಹಿಂದಿನ ಭಾಷೆ. ಚಿತ್ರಲಿಪಿ ಕಲಿಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡುತ್ತಾರೆ. ಮೊದಲ ವಾರವೇ ಸೀನಿಯರ್ ಒಬ್ಬರು, "ಗಾರ್ಡಿನರ್ ಇಲ್ಲದೆ ಹೇಗೆ ಓದ್ತೀಯ?" ಅಂದರು. ಹೋಗಿ ಹಳೇ ಪ್ರತಿಗೆ 45 ಪೌಂಡ್ ಸುರಿದು ಬಂದೆ. ಆ ವಾರ ಊಟ ಬರೀ ಅನ್ನ, ತಿಳಿಸಾರು.

ಅಲನ್ ಗಾರ್ಡಿನರ್ ಅವರ ವ್ಯಾಕರಣ ಮೊದಲು ಅಚ್ಚಾದದ್ದು 1927ರಲ್ಲಿ, ಮೂರನೇ ಆವೃತ್ತಿ 1957ರಲ್ಲಿ. 33 ಪಾಠ, 600ಕ್ಕೂ ಹೆಚ್ಚು ಪುಟ. ಪ್ರತಿ ಪಾಠದ ಕೊನೆಗೂ ಅಭ್ಯಾಸ ಇದೆ, ಉತ್ತರ ಮಾತ್ರ ಇಲ್ಲ. ಇಂಗ್ಲಿಷಿನಿಂದ ಈಜಿಪ್ಷಿಯನ್‌ಗೂ ಅನುವಾದ ಮಾಡಿಸುತ್ತಾರೆ. ನಾನು ಬಿಡಿಸಿದ ಹದ್ದು ಕೋಳಿಯ ಹಾಗಿರುತ್ತಿತ್ತು. ವಾಕ್ಯ ಸರಿಯೋ ತಪ್ಪೋ ಅಂತ ಕೇಳೋಣವೆಂದರೆ ರಾತ್ರಿ 11 ಗಂಟೆಗೆ ಯಾರು ಸಿಗುತ್ತಾರೆ? ಕ್ರಿಯಾಪದದ ಪಾಠಗಳಿಗೆ ಬರುವ ಹೊತ್ತಿಗೆ ಮೇಷ್ಟ್ರು, "ಅದನ್ನು ಸದ್ಯಕ್ಕೆ ಬಿಡಿ, ಪೊಲೊಟ್ಸ್ಕಿ ನಂತರ ಎಲ್ಲ ಬದಲಾಗಿದೆ" ಅಂದರು. ಪೊಲೊಟ್ಸ್ಕಿ ಎಂಬ ಭಾಷಾವಿದ್ವಾಂಸರು ಕ್ರಿಯಾಪದದ ಬಗ್ಗೆ ತಮ್ಮ ಹೊಸ ವಾದ ಮಂಡಿಸಿದ್ದು 1944ರಲ್ಲಂತೆ. ಇದನ್ನು 45 ಪೌಂಡ್ ಕೊಡುವ ಮೊದಲು ಹೇಳಬಾರದಿತ್ತೇ?

ಹಿಂದಿನ ಪುಟಗಳ ಚಿಹ್ನೆಪಟ್ಟಿಗೆ ಮಾತ್ರ ಇಂದಿಗೂ ಸಾಟಿ ಇಲ್ಲ. ಚಿತ್ರಗಳನ್ನು ಗುಂಪು ಮಾಡಿ ಒಂದೊಂದಕ್ಕೂ ಇಂಗ್ಲಿಷ್ ಅಕ್ಷರ ಕೊಟ್ಟಿದ್ದಾರೆ: ಗಂಡಸರು ಎ, ಹೆಂಗಸರು ಬಿ, ಹಕ್ಕಿಗಳು ಜಿ. ಗೂಬೆ ಎಂದರೆ ಜಿ17. ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡ್‌ನಲ್ಲಿ ಹಲವು ಚಿತ್ರಗಳ ಹೆಸರಿಗೂ ಇದೇ ಸಂಖ್ಯೆಗಳು.

ನಮ್ಮ ತರಗತಿಯ ಪಠ್ಯ ಜೇಮ್ಸ್ ಅಲೆನ್ ಅವರದು. 26 ಪಾಠ, ಹಿಂದೆ ಉತ್ತರ, ನಡುವೆ ದೇವರು, ರಾಜ, ನೈಲ್ ನದಿ ಎಂದು ಚಿಕ್ಕ ಪ್ರಬಂಧಗಳು. ವಿವರಣೆ ಬಹಳ ಸ್ಪಷ್ಟ. ಆದರೂ ಒಂದು ತಿಂಗಳು ನನ್ನನ್ನು ಅಳಿಸಿದ್ದು ಇದೇ ಪುಸ್ತಕ.

ಈ ಲಿಪಿಯಲ್ಲಿ ಸ್ವರ ಬರೆಯುವುದಿಲ್ಲ. ಕಾಗುಣಿತದಲ್ಲಿ ಬೆಳೆದ ನಮಗೆ ಮೊದಲು ಉಸಿರು ಕಟ್ಟಿದ ಹಾಗಾಗುತ್ತದೆ. ನ್, ಫ್, ರ್ ಅಂತ ಮೂರು ವ್ಯಂಜನ ಇಟ್ಟು ಬಿಟ್ಟಿರುತ್ತಾರೆ, ನಾವೇ ಸುಮ್ನೆ ಎಕಾರ ತುಂಬಿ 'ನೆಫೆರ್' ಅನ್ನಬೇಕು. 'ಒಳ್ಳೆಯ' ಎಂದರ್ಥ. ಹಕಾರದ ಬಳಗದಲ್ಲೇ ನಾಲ್ಕು ಧ್ವನಿ. ನಾನು ನೋಟ್ಸಿನಲ್ಲಿ ಹ1, ಹ2, ಹ3, ಹ4 ಅಂತ ಬರೆದುಕೊಂಡೆ. ಇದೆಲ್ಲ ಹೇಗೋ ಅಭ್ಯಾಸವಾಯಿತು.

ಗೋಳು ಶುರುವಾದದ್ದು ನಿಘಂಟು ತೆರೆದಾಗ. ಇಂಗ್ಲಿಷಿನಲ್ಲಿ ಕಲಿಯುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಫಾಕ್ನರ್ ಅವರ 1962ರ ನಿಘಂಟು. ಪೂರ್ತಿ ಕೈಬರಹದಲ್ಲೇ ಅಚ್ಚಾಗಿದೆ, ನೋಡಲು ಚೆಂದ. 'ಮಗ' ಎಂಬ ಪದ ಹುಡುಕಬೇಕಿತ್ತು. ಅಲೆನ್ ಅದನ್ನು ಇಂಗ್ಲಿಷಿನ ಝಡ್‌ನಿಂದ ಬರೆಯುತ್ತಾರೆ. ಫಾಕ್ನರ್‌ನಲ್ಲಿ ಝಡ್ ಎಂಬ ವಿಭಾಗವೇ ಇಲ್ಲ! ಅವರಿಗೆ ಅದೂ ಸಕಾರವೇ. ಅಲೆನ್‌ರ ಜೆ ಅಕ್ಷರ ಫಾಕ್ನರ್‌ನಲ್ಲಿ ಐ. ಅಲೆನ್‌ರ ಕ್ಯೂ ಅಲ್ಲಿ ಕೆಳಗೆ ಚುಕ್ಕಿ ಇಟ್ಟ ಕೆ.

ಇದನ್ನೂ ಸಹಿಸಬಹುದು. 'ಲಿಪಿಕಾರ' ಎಂಬ ಪದಕ್ಕೆ ಬನ್ನಿ. ಅದೇ ಚಿತ್ರ: ಬಣ್ಣದ ಹಲಗೆ, ಚೀಲ, ಲೇಖನಿ. ಗಾರ್ಡಿನರ್, ಫಾಕ್ನರ್ ಇದನ್ನು 'ಸೆಶ್' ಅಂತ ಓದಿದರು. ಅಲೆನ್ ಓದುವುದು ಹೆಚ್ಚುಕಡಿಮೆ 'ಝೆಖಾವ್', ಅದರ ಖಕಾರವೇ ನನ್ನ ನೋಟ್ಸಿನ ಹ4. ಅದು ಹೊಸ ತಿಳಿವಳಿಕೆ, ಅಲೆನ್ ಕಡೆಯೇ ನ್ಯಾಯ ಇರಬಹುದು. ಆದರೆ ನಾನು ಝಡ್ ಬದಲು ಸಕಾರ ಹಾಕಿ, ಹ4ರ ಸಾಲಿನಲ್ಲಿ ಹುಡುಕುತ್ತಾ ಕೂತಿದ್ದೆ. ಪದ ಅಲ್ಲಿರಲಿಲ್ಲ, ಶಕಾರದಲ್ಲಿತ್ತು. ಒಂದು ಪದಕ್ಕೆ 40 ನಿಮಿಷ. ಅದೂ ಬರೆಯುವವನ ಹೆಸರಿಗೇ!

ಬರ್ಲಿನ್ನಿನ ಆನ್‌ಲೈನ್ ಪದಕೋಶವೂ ಇದೆ, ದುಡ್ಡು ಕೊಡಬೇಕಿಲ್ಲ. ಆದರೆ ನಾನು ರೈಲಿನಲ್ಲಿ ಓದುವವನು, ಅಲ್ಲಿ ಸಿಗ್ನಲ್ ಇರುವುದಿಲ್ಲ.

ರೈಲಿಗೆ ಒಗ್ಗಿದ್ದು ಕೊಲಿಯರ್-ಮ್ಯಾನ್ಲಿ. ಬರೀ ಎಂಟು ಅಧ್ಯಾಯ, ಉತ್ತರಗಳಿವೆ. ಅಭ್ಯಾಸಕ್ಕೆ ಕೊಟ್ಟದ್ದರಲ್ಲಿ ಬಹುಪಾಲು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ನಿಜವಾದ ಕಲ್ಲುಗಳು. ಶುರುವಿನಲ್ಲೇ ಸಮಾಧಿಕಲ್ಲುಗಳ ಕಾಣಿಕೆಯ ಸಾಲು ಬರುತ್ತದೆ: 'ಹೆತೆಪ್ ದಿ ನೆಸು', ರಾಜ ಕೊಡುವ ಕಾಣಿಕೆ. ರಾಜನ ಚಿಹ್ನೆಯನ್ನು ಗೌರವಕ್ಕೆ ಮೊದಲು ಕೆತ್ತಿರುತ್ತಾರೆ, ಓದುವಾಗ ಕೊನೆಗೆ ಓದಬೇಕು. ಆಮೇಲೆ ರೊಟ್ಟಿ, ಬಿಯರ್, ಎತ್ತು, ಹಕ್ಕಿ, ಬಟ್ಟೆ, ಒಂದೊಂದೂ ಸಾವಿರ. ಸಾವಿರಕ್ಕೆ ತಾವರೆ ಗಿಡದ ಚಿತ್ರ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುವುದು, ನಮ್ಮ ಮಹಾಲಯ ಅಮಾವಾಸ್ಯೆಯ ಎಡೆ ತರಹವೇ ಅಲ್ವಾ?

ಆರನೇ ವಾರ ಲಂಡನ್ನಿಗೆ ಹೋದೆ, ಮ್ಯೂಸಿಯಂ ಪ್ರವೇಶ ಉಚಿತ. ರೊಸೆಟ್ಟಾ ಕಲ್ಲಿನ ಸುತ್ತ ಜನವೋ ಜನ. ನಾನು ಯಾರೂ ನೋಡದ ಒಂದು ಸಮಾಧಿಕಲ್ಲಿನ ಮುಂದೆ ನಿಂತೆ. ಮೊದಲ ಸಾಲು ಪೂರ್ತಿ ಬಂತು. ಎರಡನೇ ಸಾಲಿನಲ್ಲಿ ತಾವರೆ ಸಿಕ್ಕಿತು. ಸತ್ತವನ ಹೆಸರಿನಲ್ಲಿ ಮುಗ್ಗರಿಸಿದೆ, ಆದರೂ ಖುಷಿಗೆ ಮಿತಿ ಇರಲಿಲ್ಲ. ಗಾರ್ಡಿನರ್ ಇಟ್ಟುಕೊಂಡು ತಿಂಗಳು ಕೂತಿದ್ದರೂ ಇದು ಆಗುತ್ತಿರಲಿಲ್ಲ.

ಇದರಲ್ಲೂ ಕೊರತೆ ಇದೆ. ವ್ಯಾಕರಣ ಕಮ್ಮಿ, ಕಥೆಗಳನ್ನು ಓದಲು ಸಾಲದು. ಪರೀಕ್ಷೆ ಇದ್ದವರು ಅಲೆನ್ ಬಿಡುವ ಹಾಗಿಲ್ಲ. ಜೇಬಿನಲ್ಲಿ ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ಕೊಲಿಯರ್-ಮ್ಯಾನ್ಲಿ ಕೊಳ್ಳಿ, ಅಲೆನ್ ಅನ್ನು ಲೈಬ್ರರಿಯಿಂದ ತನ್ನಿ. ಗಾರ್ಡಿನರ್‌ನ ಚಿಹ್ನೆಪಟ್ಟಿಯನ್ನೂ ಅಲ್ಲೇ ಕೂತು ನೋಡಬಹುದು. ಫಾಕ್ನರ್ ತೆರೆಯುವ ಮೊದಲು ರಟ್ಟಿನ ಒಳಗೆ ಒಂದು ಚೀಟಿ ಅಂಟಿಸಿ: ಝಡ್ ಇದ್ದರೆ ಎಸ್, ಜೆ ಇದ್ದರೆ ಐ, ಕ್ಯೂ ಇದ್ದರೆ ಚುಕ್ಕಿ ಕೆ. ಲಿಪಿಕಾರನಿಗೆ ಮಾತ್ರ ಬೇರೆ ಚೀಟಿ ಬೇಕು.