ಅಜೂರ್ ಸರ್ಟಿಫಿಕೇಟ್ ರಿನ್ಯೂವಲ್: ಮೂರು ಸಲ ಮಾಡಿದೆ, ಒಂದು ಸಲ ಮರೆತೆ

ನಾನಿರುವುದು ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿ. ಬೆಳಿಗ್ಗೆ ಅಡಿಕೆ ತೋಟ, ಆಮೇಲೆ ಲ್ಯಾಪ್‌ಟಾಪ್ ಮುಂದೆ ಕ್ಲೌಡ್ ಕೆಲಸ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳ ಉಸ್ತುವಾರಿ. 2020ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟಿನ ಎಝೆಡ್-104 ಪರೀಕ್ಷೆ ಪಾಸಾದೆ. ಅವರ ಕ್ಲೌಡ್ ಸೇವೆ ಅಜೂರ್ ನೋಡಿಕೊಳ್ಳುವವರ ‘ಅಜೂರ್ ಅಡ್ಮಿನಿಸ್ಟ್ರೇಟರ್’ ಸರ್ಟಿಫಿಕೇಟ್ ಸಿಕ್ಕಿತು. ಆಗ ಅದಕ್ಕೆ ಎರಡು ವರ್ಷ ಆಯುಷ್ಯ. 2021ರ ಜೂನ್ ಕಳೆದ ಮೇಲೆ ಪಾಸಾದವರಿಗೆ ಒಂದೇ ವರ್ಷ. ನನ್ನದೂ ಮೊದಲ ರಿನ್ಯೂವಲ್ ಆದ ಮೇಲೆ ವರ್ಷದ ಲೆಕ್ಕಕ್ಕೇ ಬಂತು.

ವರ್ಷ ವರ್ಷ ಯಾಕೆ ಇದೆಲ್ಲ ಅಂತ ಮೊದಲು ಸಿಟ್ಟು ಬಂದದ್ದು ನಿಜ. ಆದರೆ ಬಳಕೆದಾರರ ಲಾಗಿನ್ ನೋಡಿಕೊಳ್ಳುವ, ನಾನು ಕಲಿತ ಅಜೂರ್ ಆಕ್ಟಿವ್ ಡೈರೆಕ್ಟರಿಗೆ 2023ರಲ್ಲಿ ಎಂಟ್ರಾ ಐಡಿ ಅಂತ ಹೆಸರೇ ಬದಲಾಯಿತು. ಪೋರ್ಟಲ್‌ನಲ್ಲಿ ಇವತ್ತು ಕಂಡ ಬಟನ್ ಮುಂದಿನ ವರ್ಷ ಅಲ್ಲೇ ಇರುತ್ತದೆ ಅಂತಿಲ್ಲ. ತೋಟಕ್ಕೆ ಮದ್ದು ಬಿಟ್ಟ ಹಾಗೆ ಇದು. ಹೋದ ವರ್ಷ ಬಿಟ್ಟ ತುತ್ತು-ಸುಣ್ಣ ಈ ಮಳೆಗಾಲದ ಕೊಳೆರೋಗಕ್ಕೆ ಆಗುತ್ತದಾ?

ರಿನ್ಯೂವಲ್ ಸುಲಭ, ಅದೂ ಫ್ರೀ. ಅವಧಿ ಮುಗಿಯುವ ಆರು ತಿಂಗಳ ಮೊದಲೇ ಬಾಗಿಲು ತೆರೆಯುತ್ತದೆ. ಚಿಕ್ಕ ಆನ್‌ಲೈನ್ ಪರೀಕ್ಷೆ, ಮನೆಯಲ್ಲೇ ಬರೆಯಬಹುದು. ಕ್ಯಾಮೆರಾ ಕಾವಲು ಇಲ್ಲ, ಪುಸ್ತಕ ನೋಡಿದರೆ ತಪ್ಪಿಲ್ಲ. ಫೇಲಾದರೆ ಕೂಡಲೇ ಇನ್ನೊಮ್ಮೆ ಬರೆಯಬಹುದು. ಅದೂ ಹೋದರೆ 24 ಗಂಟೆ ಕಾಯಬೇಕು, ಅಷ್ಟೇ. ಬೇಗ ಬರೆದರೆ ದಿನ ನಷ್ಟವಾಗುತ್ತದೆ ಅಂತ ನಾನು ಸುಮ್ನೆ ಹೆದರಿದ್ದೆ. ಹಾಗೇನಿಲ್ಲ. ಹಳೆಯ ಅವಧಿ ಮುಗಿಯುವ ದಿನದಿಂದಲೇ ಮುಂದಿನ ವರ್ಷ ಲೆಕ್ಕ.

ಮೊದಲ ಸಲ, 2022ರಲ್ಲಿ, ಅರ್ಧ ಬರೆದಾಗಿತ್ತು. ಅಂಗಳದಿಂದ ಅಪ್ಪ ಕರೆದರು: "ಮೋಡ ಆಗ್ತಾ ಉಂಟು, ಅಡಿಕೆ ರಾಶಿ ಮಾಡ್ಲಿಕ್ಕೆ ಬಾ." ಟೈಮರ್ ಯಾರಿಗೂ ನಿಲ್ಲುವುದಿಲ್ಲ. ಓಡಿ ಹೋಗಿ ಅಡಿಕೆ ಎಳೆದು ಟಾರ್ಪಾಲು ಮುಚ್ಚಿ ಬಂದೆ. ಕೈಗೆ ಸಿಪ್ಪೆಯ ಧೂಳು, ಉಳಿದದ್ದು 11 ನಿಮಿಷ. ಪಾಸಾಯಿತು. ಮಳೆ ಮಾತ್ರ ಬರಲಿಲ್ಲ. ಇದೇ ಕ್ಯಾಮೆರಾ ಇಟ್ಟು ಬರೆಸುವ ಆನ್‌ಲೈನ್ ಪರೀಕ್ಷೆಯಾಗಿದ್ದರೆ ಹಾಗೆ ಕುರ್ಚಿಯಿಂದ ಎದ್ದು ಓಡಿದ್ದಕ್ಕೆ ಪರೀಕ್ಷೆಯೇ ರದ್ದಾಗುವ ಸಾಧ್ಯತೆ ಇತ್ತು.

ಎರಡನೇ ಸಲ ಕೊನೆಯ ದಿನದವರೆಗೆ ಎಳೆದೆ. ಆ ರಾತ್ರಿಯೇ ಲೈನಿನ ಮೇಲೆ ತೆಂಗಿನ ಮಡಲು ಬಿದ್ದು ಕರೆಂಟು ಹೋಯಿತು. ಗಡುವು ರಾತ್ರಿ 11.59, ಆದರೆ ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ನಮ್ಮಲ್ಲಿ ಮರುದಿನ ಬೆಳಿಗ್ಗೆ 5.29. ನಾಲ್ಕು ಗಂಟೆಗೆ ಎದ್ದು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಬರೆದೆ. ಇದನ್ನು ನೋಡಿ ನೀವೂ ಮಾಡಬೇಡಿ ಮಾರಾಯ್ರೆ.

2024ರಲ್ಲಿ ಮರೆತೇ ಹೋಯಿತು. ಆರು ತಿಂಗಳ ಮೊದಲೇ ನೆನಪಿಸುವ ಮೇಲ್ ಬರುತ್ತದೆ, ಸರಿ. ಆದರೆ ನನ್ನ ಪ್ರೊಫೈಲ್‌ನಲ್ಲಿದ್ದದ್ದು ಹಿಂದಿನ ಆಫೀಸಿನ ಮೇಲ್ ವಿಳಾಸ. ಆ ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಜನವರಿಯಲ್ಲಿ ಒಬ್ಬ ಗಿರಾಕಿ ಸರ್ಟಿಫಿಕೇಟಿನ ಲಿಂಕ್ ಕೇಳಿದಾಗಲೇ ನೋಡಿದ್ದು: ಅವಧಿ ಮುಗಿದಿದೆ. ತಪ್ಪು ಪೂರ್ತಿ ನನ್ನದೇ. ಆದರೂ ಈ ರಿನ್ಯೂವಲ್ ವ್ಯವಸ್ಥೆಗೆ ಐದರಲ್ಲಿ ಒಂದು ಸ್ಟಾರ್ ಕಡಿಮೆ ಕೊಡುವುದು ಇದಕ್ಕೇ. ಒಂದೇ ಒಂದು ದಿನದ ಸಡಿಲಿಕೆಯೂ ಇಲ್ಲ. ದಿನ ದಾಟಿತೋ, ದುಡ್ಡು ಕಟ್ಟಿ ಮೊದಲಿನಿಂದ ಪರೀಕ್ಷೆ.

ಈ ಸಲ ಮನೆ ಬೇಡ ಅಂತ ಮಂಗಳೂರಿನ ಸೆಂಟರ್ ಆರಿಸಿದೆ. ಸೀತಾಂಗೋಳಿ ದಾರಿಯ ಬಸ್ಸಿನಲ್ಲಿ ಕುಂಬಳೆ, ಅಲ್ಲಿಂದ ರೈಲು. 100 ನಿಮಿಷ, ಸಾವಿರಕ್ಕೆ 700 ಬರಬೇಕು. ನಮ್ಮ ಕಡೆಯವರಿಗೆ ಉಪಯೋಗ ಆಗುವ ಒಂದು ಮಾತು ಇದೆ. ಈ ಪರೀಕ್ಷೆ ಕನ್ನಡದಲ್ಲಿಲ್ಲ. ನಿಮ್ಮ ಭಾಷೆಯಲ್ಲಿ ಪರೀಕ್ಷೆ ಇಲ್ಲದಿದ್ದರೆ 30 ನಿಮಿಷ ಜಾಸ್ತಿ ಕೇಳಬಹುದು. ಬುಕ್ ಮಾಡುವ ಮೊದಲೇ ಕೇಳಬೇಕು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು ನಾನು, ನಾಚಿಕೆ ಇಲ್ಲದೆ ಕೇಳಿದೆ. 2020ರಲ್ಲಿ ಇದು ಗೊತ್ತಿರಲಿಲ್ಲ. 2023ರಿಂದ ಪರೀಕ್ಷೆಯ ನಡುವೆಯೇ ಮೈಕ್ರೋಸಾಫ್ಟ್ ಲರ್ನ್ ಎಂಬ ಅವರ ಕಲಿಕೆಯ ಸೈಟಿನ ಪುಟಗಳನ್ನು ತೆರೆದು ನೋಡಲು ಬಿಡುತ್ತಾರೆ. ಆದರೆ ಹುಡುಕುತ್ತಾ ಕೂತರೆ ಸಮಯ ಹಾರಿಹೋಗುತ್ತದೆ. ನಾನು ಎರಡೇ ಸಲ ತೆರೆದೆ.

ಬೇರೆ ಕಂಪನಿಗಳದ್ದು ಹೇಗೆ ಅಂತ ಕೇಳುವವರಿಗೆ: ಅಮೆಜಾನಿನ ಕ್ಲೌಡ್ ಎಡಬ್ಲ್ಯೂಎಸ್‌ನದ್ದು ಮತ್ತು ಸಿಸ್ಕೋದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಸಿಸಿಎನ್‌ಎ ಮೂರು ವರ್ಷ. ಸಿಸಿಎನ್‌ಎಗೆ ಪರೀಕ್ಷೆ ಬೇಡವೆಂದರೆ ಕೋರ್ಸು ಇತ್ಯಾದಿ ಮಾಡಿ 30 ಕಲಿಕೆಯ ಕ್ರೆಡಿಟ್ ಕೂಡಿಸಿಯೂ ರಿನ್ಯೂ ಮಾಡಬಹುದು. ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ನಡೆಸುವ ಸಾಫ್ಟ್‌ವೇರ್ ಕುಬರ್ನೆಟೀಸ್‌ನ ಸರ್ಟಿಫಿಕೇಟ್ ಸಿಕೆಎ 2024ರ ಏಪ್ರಿಲ್‌ನಿಂದ ಎರಡೇ ವರ್ಷ. ಮೈಕ್ರೋಸಾಫ್ಟಿನ ಎಝೆಡ್-900ರಂಥ ಮೊದಲ ಹಂತದ ಸರ್ಟಿಫಿಕೇಟಿಗೆ ಅವಧಿಯ ಕಿರಿಕಿರಿಯೇ ಇಲ್ಲ. ಹಾಗಂತ ಅದೊಂದನ್ನೇ ತೋರಿಸಿ ಅಡ್ಮಿನ್ ಕೆಲಸ ಕೇಳಲಿಕ್ಕೆ ಆಗುವುದಿಲ್ಲ ಅಲ್ವಾ?

2025ರ ಮಾರ್ಚಿನಲ್ಲಿ ಮತ್ತೆ ಪಾಸಾದೆ. ಅಕ್ಟೋಬರಿನಲ್ಲೇ ರಿನ್ಯೂ ಮಾಡಿ ಮುಗಿಸಿದೆ, ಈಗ 2027ರ ಮಾರ್ಚ್‌ವರೆಗೆ ಇದೆ. ಪ್ರೊಫೈಲ್‌ಗೆ ಸ್ವಂತ ಮೇಲ್ ಹಾಕಿದ್ದೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಅಪ್ಪ ಮದ್ದು ಬಿಡುವ ದಿನಕ್ಕೆ ಗುರುತು ಹಾಕುತ್ತಾರೆ. ಅದೇ ಪೆನ್ನಿನಲ್ಲಿ ನನ್ನದನ್ನೂ ಬರೆಯುತ್ತೇನೆ. ಮೊನ್ನೆ ಅವರೇ ಕೇಳಿದರು: "ನಿನ್ನ ಪರೀಕ್ಷೆಗೆ ಇನ್ನು ಎಷ್ಟು ದಿನ ಉಂಟು?"